ಬಂದಿರುವುದು ಯಾವ ಬಗೆಯ ಅಪ್‌ಡೇಟ್?

ಪಿಯುಸಿ ಕಂಪ್ಯೂಟರ್ ಸೈನ್ಸ್‌ನಲ್ಲಿ ನಾವು ಟೇಬಲ್ ರಚಿಸುವುದನ್ನು, ಅದಕ್ಕೆ ಡೇಟಾ ಸೇರಿಸುವುದನ್ನು, ಬೇಕಾದ ಸಾಲನ್ನು ಹುಡುಕಿ ತೆಗೆಯುವುದನ್ನು ಕಲಿಯುತ್ತೇವೆ. ಆದರೆ ಆ ಡೇಟಾವನ್ನು ಇಟ್ಟುಕೊಂಡಿರುವ ಸರ್ವರನ್ನು ಸುರಕ್ಷಿತವಾಗಿ ನಡೆಸುವುದು ಹೇಗೆಂದು ನಮಗೆ ಯಾರೂ ಹೇಳಿಕೊಡುವುದಿಲ್ಲ. ಅಪ್‌ಡೇಟ್‌ಗಳ ಬಗ್ಗೆ ಒಂದು ಪಾಠವಾದರೂ ನಮಗೆ ಬೇಕು ಎಂಬುದು ನನ್ನ ಅಭಿಪ್ರಾಯ.

ಈ ಮಾತು ತೆಗೆದರೆ ಗೆಳೆಯರಲ್ಲಿ ಎರಡು ಗುಂಪಾಗುತ್ತದೆ. ‘ಸರಿಯಾಗಿ ಓಡುತ್ತಿರುವುದನ್ನು ಯಾಕೆ ಮುಟ್ಟಬೇಕು?’ ಎನ್ನುವವರು ಕೆಲವರು. ‘ಬಂದದ್ದನ್ನೆಲ್ಲ ಕೂಡಲೇ ಹಾಕಿಬಿಡು’ ಎನ್ನುವವರು ಇನ್ನು ಕೆಲವರು. ಬಂದಿರುವುದು ಯಾವ ಬಗೆಯ ಅಪ್‌ಡೇಟ್ ಎಂದು ಇಬ್ಬರೂ ಕೇಳುವುದಿಲ್ಲ.

ನಮ್ಮ ಪಠ್ಯಪುಸ್ತಕವನ್ನೇ ನೆನೆಯಿರಿ. ಅದರಲ್ಲಿ ದೊಡ್ಡ ತಪ್ಪು ಸಿಕ್ಕಿದರೆ ಒಂದು ತಿದ್ದುಪಡಿ ಚೀಟಿ ಬರುತ್ತದೆ. ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ‘ಜಿಡಿಆರ್’ ಎಂಬ ಅಪ್‌ಡೇಟ್ ಇಂಥದ್ದು. ಭದ್ರತೆಯ ಮತ್ತು ಅತಿ ಮುಖ್ಯವಾದ ತಿದ್ದುಪಡಿಗಳು ಮಾತ್ರ ಅದರಲ್ಲಿರುತ್ತವೆ. ಎಲ್ಲ ತಪ್ಪುಗಳನ್ನೂ ತಿದ್ದಿದ ಮರುಮುದ್ರಣದಂತಿರುವುದು ‘ಕ್ಯುಮುಲೇಟಿವ್ ಅಪ್‌ಡೇಟ್’. ಹಿಂದಿನ ತಿದ್ದುಪಡಿಗಳೆಲ್ಲ ಅದರೊಳಗೇ ಇರುವುದರಿಂದ ಕೊನೆಯದೊಂದನ್ನು ಹಾಕಿದರೆ ಸಾಕು. ಮೊದಲು ‘ಸರ್ವಿಸ್ ಪ್ಯಾಕ್’ ಎಂಬ ದೊಡ್ಡ ಕಟ್ಟೂ ಬರುತ್ತಿತ್ತು. 2017ರ ಆವೃತ್ತಿಯಿಂದ ಅದನ್ನು ಕೈಬಿಟ್ಟರು. ಇನ್ನು ಹೊಸ ಆವೃತ್ತಿ ಎಂದರೆ ಸಿಲಬಸ್ಸೇ ಬದಲಾದಂತೆ. ಅದಕ್ಕೆ ತಯಾರಿ ಬೇಕು, ಸಮಯ ಬೇಕು.

ಪೋಸ್ಟ್‌ಗ್ರೆಸ್‌ನಲ್ಲಿ ಈ ವ್ಯತ್ಯಾಸ ಸಂಖ್ಯೆಯಲ್ಲೇ ಕಾಣುತ್ತದೆ. 15.4ರಿಂದ 15.5ಕ್ಕೆ ಹೋಗುವುದು ಸಣ್ಣ ತಿದ್ದುಪಡಿ. 15ರಿಂದ 16ಕ್ಕೆ ಹೋಗುವಾಗ ಡೇಟಾವನ್ನೇ ಹೊಸ ಆವೃತ್ತಿಗೆ ಸಾಗಿಸಬೇಕು.

ಭದ್ರತೆಯ ಚೀಟಿಯನ್ನು ಪಕ್ಕಕ್ಕಿಟ್ಟರೆ ಏನಾಗುತ್ತದೆ ಎಂಬುದಕ್ಕೆ ‘ಸ್ಲ್ಯಾಮರ್’ ಸಾಕ್ಷಿ. ಎಸ್‌ಕ್ಯೂಎಲ್ ಸರ್ವರ್ 2000ರಲ್ಲಿದ್ದ ಒಂದು ದೋಷಕ್ಕೆ ಮೈಕ್ರೋಸಾಫ್ಟ್ 2002ರ ಜುಲೈನಲ್ಲೇ ತಿದ್ದುಪಡಿ ಕೊಟ್ಟಿತ್ತು. ಆರು ತಿಂಗಳಾದರೂ ಸಾವಿರಾರು ಕಡೆ ಅದನ್ನು ಹಾಕಿರಲಿಲ್ಲ. 2003ರ ಜನವರಿ 25ರಂದು ಕೇವಲ 376 ಬೈಟ್‌ನ ಈ ವರ್ಮ್ ಕನಿಷ್ಠ 75,000 ಕಂಪ್ಯೂಟರ್‌ಗಳಿಗೆ ಹರಡಿತು. ಹೆಚ್ಚಿನವು ಮೊದಲ ಹತ್ತೇ ನಿಮಿಷದಲ್ಲಿ ಸಿಕ್ಕಿಬಿದ್ದವು. ಅದು ಡೇಟಾ ಕದಿಯಲಿಲ್ಲ, ನೆಟ್‌ವರ್ಕ್ ತುಂಬಿಸಿ ಉಸಿರುಗಟ್ಟಿಸಿತು. ಅಮೆರಿಕದಲ್ಲಿ ಜನರಿಗೆ ಎಟಿಎಂನಿಂದ ಹಣ ತೆಗೆಯಲಾಗಲಿಲ್ಲ.

ಹಾಗೆಂದು ಕಣ್ಣುಮುಚ್ಚಿ ಹಾಕುವುದೂ ಸರಿಯಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ನಿಲ್ಲಿಸಿತು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ಅದು ಡೇಟಾಬೇಸ್‌ನ ಅಪ್‌ಡೇಟ್ ಅಲ್ಲ, ಆದರೆ ಪಾಠ ಒಂದೇ: ಎಲ್ಲ ಯಂತ್ರಗಳಿಗೂ ಒಮ್ಮೆಲೇ ಹಾಕುವ ಮೊದಲು ಕೆಲವದರಲ್ಲಿ ಪರೀಕ್ಷಿಸಬೇಕು.

ಆದ್ದರಿಂದ ನಾನು ಹೇಳುವುದಿಷ್ಟು. ಮೊದಲು ಬ್ಯಾಕಪ್ ತೆಗೆಯಿರಿ. ಭದ್ರತೆಯ ತಿದ್ದುಪಡಿಯನ್ನು ಬೇರೊಂದು ಯಂತ್ರದಲ್ಲಿ ಪರೀಕ್ಷಿಸಿ, ತಡಮಾಡದೆ ಹಾಕಿ. ಕ್ಯುಮುಲೇಟಿವ್ ಅಪ್‌ಡೇಟ್‌ಗೆ ಒಂದು ದಿನ ನಿಗದಿಮಾಡಿ. ಹೊಸ ಆವೃತ್ತಿಗೆ ಹೋಗುವುದನ್ನು ರಜೆಯ ಕಾಲಕ್ಕೆ ಇಟ್ಟುಕೊಳ್ಳಿ. ಆದರೆ ಹಳೆಯದಕ್ಕೆ ಕಂಪನಿಯ ಬೆಂಬಲ ಮುಗಿಯುವವರೆಗೆ ಕಾಯಬೇಡಿ.

ನಮ್ಮ ಅಂಕ, ವಿದ್ಯಾರ್ಥಿವೇತನ, ಮನೆಯವರ ಬ್ಯಾಂಕ್ ಖಾತೆ ಎಲ್ಲವೂ ಇಂದು ಯಾವುದೋ ಸರ್ವರ್‌ನಲ್ಲಿವೆ. ನಾಳೆ ಅಂಗಡಿ, ಆಸ್ಪತ್ರೆ, ಕಚೇರಿಗಳಲ್ಲಿ ಅಂಥ ಸರ್ವರ್ ನೋಡಿಕೊಳ್ಳುವವರು ನಮ್ಮಲ್ಲೇ ಕೆಲವರು. ಲ್ಯಾಬ್‌ನ ಸರ್ವರ್ ಯಾವ ಆವೃತ್ತಿಯದು, ಅದಕ್ಕೆ ಕೊನೆಯ ತಿದ್ದುಪಡಿ ಬಂದದ್ದು ಯಾವಾಗ ಎಂದು ಪರಿಶೀಲಿಸಿ ರೆಕಾರ್ಡ್‌ನಲ್ಲಿ ಬರೆಯುವ ಒಂದು ಅಭ್ಯಾಸವನ್ನು ಸೇರಿಸಬೇಕೆಂದು ನಮ್ಮ ಉಪನ್ಯಾಸಕರಲ್ಲಿ ನನ್ನ ವಿನಂತಿ. ಅದಕ್ಕೆ ಹೆಚ್ಚೆಂದರೆ ಒಂದು ಪೀರಿಯಡ್ ಸಾಕು.