ಹ್ಯೂಸ್ಟನ್ನಿಗೆ ಬರ್ತೀರೋ, ಕೆಲಸ ಬಿಡ್ತೀರೋ?



ಅಮೆರಿಕದ ದೊಡ್ಡ ತೈಲ ಕಂಪನಿಗಳು ಒಂದೊಂದಾಗಿ ಗಂಟುಮೂಟೆ ಕಟ್ಟಿಕೊಂಡು ಟೆಕ್ಸಾಸಿನ ಹ್ಯೂಸ್ಟನ್ ಸೇರ್ತಾ ಇರೋದನ್ನ ನೀವೂ ಗಮನಿಸಿರ್ತೀರಿ. 2024ರ ಆಗಸ್ಟ್ 2ರಂದು ಶೆವ್ರಾನ್ ಕೂಡಾ ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್‌ನಿಂದ ತನ್ನ ಕೇಂದ್ರ ಕಚೇರಿಯನ್ನು ಹ್ಯೂಸ್ಟನ್ನಿಗೆ ಒಯ್ಯುವುದಾಗಿ ಸಾರಿತು. 1879ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಪೆಸಿಫಿಕ್ ಕೋಸ್ಟ್ ಆಯಿಲ್ ಅನ್ನೋ ಹೆಸರಲ್ಲಿ ಹುಟ್ಟಿದ ಕಂಪನಿ ಇದು. 145 ವರ್ಷ ಆದಮೇಲೆ ಹುಟ್ಟಿದ ರಾಜ್ಯಕ್ಕೇ ಬೆನ್ನು ತಿರುಗಿಸಿತು!

"ನಮ್ಮದು ಸಾಫ್ಟ್‌ವೇರ್, ತೈಲದವರ ಪಾಡು ನಮಗ್ಯಾಕಪ್ಪಾ?" ಅಂತ ಈ ಮೇಲ್ ಮುಚ್ಚಿಬಿಡಬೇಡಿ. ಇವತ್ತಿನ ತೈಲ ಕಂಪನಿ ಅಂದ್ರೆ ಬಾವಿ ಕೊರೆಯೋರು ಮಾತ್ರ ಅಲ್ಲ. ಅದರ ಡೇಟಾ ನೋಡಿಕೊಳ್ಳೋರು, ಲೆಕ್ಕದ ಸಾಫ್ಟ್‌ವೇರ್ ಬರೆಯೋರು, ಭೂಕಂಪನದ ಅಲೆಗಳನ್ನ ಕಂಪ್ಯೂಟರಿನಲ್ಲಿ ಅರೆದು ನೆಲದಡಿಯ ಚಿತ್ರ ತೆಗೆಯೋರು, ಇವರಲ್ಲಿ ನಮ್ಮವರೂ ಇದ್ದಾರೆ. ತೈಲದವರಿಗೆ ಬಂದ ಪತ್ರ ನಾಳೆ ಬ್ಯಾಂಕಿನವರಿಗೆ, ನಾಡಿದ್ದು ನನಗೆ ಬರಬಹುದು.

ನಾನು ಹೇಳೋಕೆ ಹೊರಟಿರೋದು ಇಷ್ಟೇ. "ನಿಮ್ಮ ಹುದ್ದೆ ಕೇಂದ್ರ ಕಚೇರಿಗೆ ಹೋಗ್ತಿದೆ, ನೀವೂ ಬನ್ನಿ" ಅನ್ನೋ ಪತ್ರ ನೋಡೋಕೆ ಆಹ್ವಾನದ ಹಾಗಿರುತ್ತೆ, ಕೆಲಸ ಮಾಡೋದು ಜರಡಿಯ ಹಾಗೆ. ಆ ಜರಡಿಯಲ್ಲಿ ಹೆಚ್ಚು ಅಲುಗಾಡೋರು ವೀಸಾ ಮೇಲಿರೋ ನಮ್ಮಂಥೋರು. ಹಾಗಿದ್ರೂ ಈ ವಿಷಯವನ್ನ ನಾವು ಒಬ್ಬೊಬ್ಬರೇ, ಮನೆ ಬಾಗಿಲು ಹಾಕ್ಕೊಂಡು, ಗುಟ್ಟಾಗಿ ಅನುಭವಿಸ್ತೀವಿ. ಇದು ಬದಲಾಗಬೇಕು.

ಇದೇನು ಹೊಸ ಕಥೆಯಲ್ಲ

ಮೊಬಿಲ್ ಕಂಪನಿ 1980ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ಬಿಟ್ಟು ವರ್ಜೀನಿಯಾದ ಫೇರ್‌ಫ್ಯಾಕ್ಸ್‌ಗೆ ಹೋಯ್ತು. 1999ರಲ್ಲಿ ಎಕ್ಸಾನ್ ಜೊತೆ ಸೇರಿಕೊಂಡಿತು. 2012ರಲ್ಲಿ ಎಕ್ಸಾನ್‌ಮೊಬಿಲ್ ಫೇರ್‌ಫ್ಯಾಕ್ಸಿನ ಸುಮಾರು 2,100 ಹುದ್ದೆಗಳನ್ನ ಹ್ಯೂಸ್ಟನ್ ಹತ್ತಿರದ ಹೊಸ ಕ್ಯಾಂಪಸ್ಸಿಗೆ ಸಾಗಿಸುವುದಾಗಿ ಹೇಳಿತು. ತೈಲದ ಮ್ಯಾನೇಜರುಗಳು ಮೀಟಿಂಗ್ ಮಾಡ್ತಿದ್ದ ಆ ಜಾಗ ಈಗ ಕ್ಯಾನ್ಸರ್ ಆಸ್ಪತ್ರೆಯ ಆವರಣ. ಆಮೇಲೆ 2022ರಲ್ಲಿ ಡಲ್ಲಾಸ್ ಪಕ್ಕದ ಅರ್ವಿಂಗ್‌ನಲ್ಲಿದ್ದ ಕೇಂದ್ರ ಕಚೇರಿಯ ಸರದಿ, 2023ರಲ್ಲಿ ಅದೂ ಹ್ಯೂಸ್ಟನ್ ಸೇರಿತು. ಓಕ್ಲಹೋಮಾದ ಬಾರ್ಟ್ಲ್ಸ್‌ವಿಲ್ ಅನ್ನೋ ಪುಟ್ಟ ಊರಲ್ಲಿ 1917ರಲ್ಲಿ ಹುಟ್ಟಿದ ಫಿಲಿಪ್ಸ್ ಕಂಪನಿ 2002ರಲ್ಲಿ ಕೊನೊಕೋ ಜೊತೆ ಬೆರೆತಾಗ ಅದರ ಹೆಡ್ ಆಫೀಸೂ ಹ್ಯೂಸ್ಟನ್ನಿಗೇ ಹೋಯ್ತು. ಕೆಲಸಗಳಲ್ಲಿ ಒಂದಷ್ಟು ಬಾರ್ಟ್ಲ್ಸ್‌ವಿಲ್‌ನಲ್ಲೇ ಉಳಿದವು, ತೀರ್ಮಾನ ಮಾಡೋ ಕುರ್ಚಿ ಉಳಿಯಲಿಲ್ಲ.

ಕುರ್ಚಿ ಹೋದಮೇಲೆ ಏನಾಗುತ್ತೆ ಅಂತ ಕನ್ನಡಿಗರಿಗೆ ಯಾರೂ ಪಾಠ ಹೇಳಬೇಕಿಲ್ಲ. 2017ರ ಏಪ್ರಿಲ್‌ನಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಹೊಟ್ಟೆ ಸೇರಿತು. 2019ರಲ್ಲಿ ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾಕ್ಕೆ, 2020ರಲ್ಲಿ ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ ಹೋಯ್ತು. ಮಣಿಪಾಲದ ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿಗೆ ಸೇರಿದ್ದರಿಂದ ಹೆಡ್ ಆಫೀಸು ಕರ್ನಾಟಕದಲ್ಲೇ ಉಳೀತು, ಮಣಿಪಾಲದಲ್ಲಿ ಉಳೀಲಿಲ್ಲ. ಬ್ರಾಂಚುಗಳು ಅಲ್ಲಲ್ಲೇ ಇದ್ದವು, ಬೋರ್ಡು ಮಾತ್ರ ಬದಲಾಯ್ತು. ಆದ್ರೆ ಯಾರಿಗೆ ಬಡ್ತಿ, ಯಾರಿಗೆ ವರ್ಗ, ಯಾವ ಬ್ರಾಂಚ್ ಮುಚ್ಚಬೇಕು ಅನ್ನೋ ಮಾತು ಬೇರೆ ಊರಿನ ಕೋಣೆಯಲ್ಲಿ ನಡೆಯೋಕೆ ಶುರುವಾಯ್ತು. ನಮ್ಮ ಅಪ್ಪಂದಿರು, ಚಿಕ್ಕಪ್ಪಂದಿರು ಕಂಡ ಆ ಕಥೆಯನ್ನೇ ನಾವಿಲ್ಲಿ ಡಾಲರಿನಲ್ಲಿ ನೋಡ್ತಿದೀವಿ, ಅಷ್ಟೇ.

ಕಂಪನಿಯ ವಾದದಲ್ಲೂ ಹುರುಳಿದೆ

ಏಕಪಕ್ಷೀಯವಾಗಿ ಬರೆಯೋದು ಬೇಡ. ಸ್ಥಳಾಂತರ ಘೋಷಿಸಿದಾಗ ಶೆವ್ರಾನ್‌ಗೆ ಹ್ಯೂಸ್ಟನ್ ಸುತ್ತಮುತ್ತ ಸುಮಾರು 7,000 ಜನ, ಸ್ಯಾನ್ ರಮೋನ್‌ನಲ್ಲಿ ಸುಮಾರು 2,000 ಜನ ಉದ್ಯೋಗಿಗಳಿದ್ದರು. ಹೆಚ್ಚು ಜನ ಇರೋ ಕಡೆ ಮುಖ್ಯಸ್ಥರೂ ಇರಲಿ ಅನ್ನೋದು ತಪ್ಪು ಲೆಕ್ಕವೇನಲ್ಲ. ಹ್ಯೂಸ್ಟನ್ನಿನಲ್ಲಿ ಗಿರಾಕಿ, ಗುತ್ತಿಗೆದಾರ, ಪ್ರತಿಸ್ಪರ್ಧಿ ಎಲ್ಲರೂ ಒಂದೇ ಬೀದಿಯಲ್ಲಿ ಸಿಕ್ತಾರೆ. ಕ್ಯಾಲಿಫೋರ್ನಿಯಾ ಸರ್ಕಾರಕ್ಕೂ ತೈಲದವರಿಗೂ ಎಣ್ಣೆ-ಸೀಗೇಕಾಯಿ ಸಂಬಂಧ ಬೇರೆ. ಹವಾಮಾನದ ವಿಷಯದಲ್ಲಿ ಜನರಿಗೆ ಸುಳ್ಳು ಹೇಳಿದಿರಿ ಅಂತ 2023ರ ಸೆಪ್ಟೆಂಬರಿನಲ್ಲಿ ರಾಜ್ಯವೇ ಶೆವ್ರಾನ್, ಎಕ್ಸಾನ್, ಶೆಲ್ ಮುಂತಾದವರ ಮೇಲೆ ದಾವೆ ಹೂಡಿತ್ತು.

ಆದ್ರೆ ಲೆಕ್ಕದ ಇನ್ನೊಂದು ಕಡೆಯನ್ನೂ ನೋಡಿ. ಕಾರ್ಪೊರೇಟ್ ಕೆಲಸಗಳೆಲ್ಲಾ ಐದು ವರ್ಷದಲ್ಲಿ ನಿಧಾನವಾಗಿ ಹ್ಯೂಸ್ಟನ್ನಿಗೆ ಹೋಗುತ್ತವೆ ಅಂತ 2024ರಲ್ಲಿ ಹೇಳಿದ್ರು. ಆರು ತಿಂಗಳು ಕಳೆದು 2025ರ ಫೆಬ್ರವರಿ ಬರೋ ಹೊತ್ತಿಗೆ, 2026ರ ಕೊನೆಯೊಳಗೆ ಪ್ರಪಂಚದಾದ್ಯಂತ ಶೇಕಡಾ 15ರಿಂದ 20ರಷ್ಟು ಉದ್ಯೋಗಿಗಳನ್ನ ಕಡಿಮೆ ಮಾಡ್ತೀವಿ ಅಂದ್ರು. ಅದೇ ವರ್ಷ ಸ್ಯಾನ್ ರಮೋನ್‌ನಲ್ಲಿ ಸುಮಾರು 600 ಜನರಿಗೆ ನೋಟಿಸು ಹೋಯ್ತು. "ಐದು ವರ್ಷ ಟೈಮಿದೆ" ಅಂದ್ಕೊಂಡು ಕೂತಿದ್ದೋರ ಪೈಕಿ ಎಷ್ಟೋ ಜನಕ್ಕೆ ಒಂದು ವರ್ಷವೂ ಸಿಗಲಿಲ್ಲ!

ಜರಡಿ ಹೇಗೆ ಕೆಲಸ ಮಾಡುತ್ತೆ?

ಒಂದು ಕಂಪನಿ ನೂರು ಜನರಿಗೆ "ಬನ್ನಿ" ಅಂತ ಬರೆದಾಗ ನೂರೂ ಜನ ಬರಲ್ಲ ಅಂತ ಬರೆದೋರಿಗೇ ಗೊತ್ತಿರುತ್ತೆ. ಗಂಡ-ಹೆಂಡತಿ ಇಬ್ಬರೂ ದುಡಿಯೋ ಮನೆ ಬರಲ್ಲ. ವಯಸ್ಸಾದ ತಂದೆತಾಯಿ ಜೊತೆಗಿರೋರು ಬರಲ್ಲ. 2021ರಲ್ಲಿ ಮೂರು ಪರ್ಸೆಂಟ್ ಬಡ್ಡಿಗೆ ಮನೆಸಾಲ ತಗೊಂಡೋರಿಗೆ ಆ ಮನೆ ಬಿಡೋಕೆ ಮನಸ್ಸು ಬರಲ್ಲ. ಹೀಗೆ ಬರದೇ ಉಳಿದವರು ಎಷ್ಟೋ ಕಡೆ "ತಾವಾಗೇ ಕೆಲಸ ಬಿಟ್ಟವರು" ಅನ್ನೋ ಲೆಕ್ಕಕ್ಕೆ ಹೋಗ್ತಾರೆ. ಕಂಪನಿಗೆ ಜನರೂ ಕಡಿಮೆಯಾದ್ರು, ಕೆಟ್ಟ ಹೆಸರೂ ಬರಲಿಲ್ಲ.

ಇನ್ನು ವೀಸಾದವರ ಪಾಡು. ನಾನೂ ಒಂಬತ್ತು ವರ್ಷದಿಂದ ಎಚ್-1ಬಿ ಸಾಲಿನಲ್ಲಿ ನಿಂತಿರೋನು, ಹಾಗಾಗಿ ಇದು ನನಗೆ ಪುಸ್ತಕದ ವಿಷಯ ಅಲ್ಲ. ಎಚ್-1ಬಿ ಅನುಮತಿ ಒಂದು ಕೆಲಸಕ್ಕೆ ಹೇಗೋ ಹಾಗೇ ಒಂದು ಊರಿಗೂ ಅಂಟಿಕೊಂಡಿರುತ್ತೆ. ಬೇರೆ ನಗರಪ್ರದೇಶಕ್ಕೆ ಕೆಲಸ ಹೋದ್ರೆ ಕಂಪನಿ ತಿದ್ದುಪಡಿ ಅರ್ಜಿ ಹಾಕಬೇಕು ಅಂತ 2015ರ ಸಿಮಿಯೋ ಪ್ರಕರಣದ ತೀರ್ಪು ಖಚಿತ ಮಾಡಿದೆ. ಗ್ರೀನ್ ಕಾರ್ಡಿನ ಮೊದಲ ಮೆಟ್ಟಿಲಾದ ಪರ್ಮ್ ಅಂತೂ "ಈ ಊರಿನ ಈ ಕೆಲಸಕ್ಕೆ ಇಲ್ಲಿಯವರು ಸಿಗಲಿಲ್ಲ" ಅನ್ನೋ ಪರೀಕ್ಷೆ. ಊರೇ ಬದಲಾದ್ರೆ ಸಾಮಾನ್ಯವಾಗಿ ಆ ಪರೀಕ್ಷೆಯನ್ನ ಮೊದಲಿಂದ ಮಾಡಬೇಕು. ಐ-140 ಮಂಜೂರಾಗಿದ್ರೆ ನಿಮ್ಮ ಸರದಿಯ ದಿನಾಂಕ ಉಳಿಯುತ್ತೆ. ಕೊನೆಯ ಹಂತದ ಐ-485 ಹಾಕಿ 180 ದಿನ ದಾಟಿದ್ರೆ ಸ್ವಲ್ಪ ಉಸಿರಾಡಬಹುದು. ಪರ್ಮ್ ಅರ್ಧಕ್ಕೆ ನಿಂತಿದ್ದು, ಎಚ್-1ಬಿಯ ಆರು ವರ್ಷ ಮುಗೀತಾ ಬಂದಿದ್ರೆ? ಅಂಥೋರಿಗೆ ಊರು ಬದಲಾಯಿಸೋದು ಅಂದ್ರೆ ಜೂಜು.

"ಬರಲ್ಲ" ಅಂದ್ರೆ ಇನ್ನೂ ಕಷ್ಟ. ಕೆಲಸ ಹೋದ ದಿನದಿಂದ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಕಂಪನಿ ನಿಮ್ಮ ಪರವಾಗಿ ಅರ್ಜಿ ಹಾಕಬೇಕು, ಇಲ್ಲಾ ಬೇರೆ ವೀಸಾಕ್ಕೆ ಬದಲಾಗಬೇಕು, ಎರಡೂ ಆಗದಿದ್ರೆ ದೇಶ ಬಿಡಬೇಕು. ಪಕ್ಕದ ಸೀಟಿನಲ್ಲಿ ಕೂರೋ ಅಮೆರಿಕದ ಸಹೋದ್ಯೋಗಿಗೂ ನಮಗೂ ಬರೋದು ಒಂದೇ ಪತ್ರ. ಅವನು "ಒಲ್ಲೆ" ಅಂದು ಮನೆಗೆ ಹೋಗಬಹುದು. ನಾವು "ಒಲ್ಲೆ" ಅಂದ್ರೆ ಮನೆಯನ್ನೇ ಖಾಲಿ ಮಾಡಬೇಕು!

ನನ್ನ ಗೆಳೆಯರೊಬ್ಬರು, ಶಿವಮೊಗ್ಗ ಕಡೆಯವರು, ಇನ್ನೊಂದು ಇಂಧನ ಕಂಪನಿಯಲ್ಲಿದ್ದಾರೆ. ಹೆಸರು ಬೇಡ. ಅವರಿಗೆ ಇಂಥ ಪತ್ರ ಬಂತು, ಉತ್ತರ ಕೊಡೋಕೆ 30 ದಿನ. ಹೆಂಡತಿ ಫಾರ್ಮಸಿಸ್ಟ್, ಅವರ ಲೈಸೆನ್ಸು ಈ ರಾಜ್ಯದ್ದು, ಆ ರಾಜ್ಯಕ್ಕೆ ಬೇರೆ ಪರೀಕ್ಷೆ. ಮಗಳು ಹನ್ನೊಂದನೇ ಕ್ಲಾಸು. ಕೊನೆಗೆ ಇವರೊಬ್ಬರೇ ಹೋದ್ರು. ಎರಡು ಊರು, ಎರಡು ಬಾಡಿಗೆ, ಹದಿನೈದು ದಿನಕ್ಕೊಮ್ಮೆ ವಿಮಾನ. "ಹುದ್ದೆಗೆ ಮಾತ್ರ ಟಿಕೆಟ್ ಕೊಟ್ಟಿದಾರೆ, ಸಂಸಾರಕ್ಕೆ ಕೊಟ್ಟಿಲ್ಲ ಮಾರಾಯಾ" ಅಂದ್ರು ಫೋನಿನಲ್ಲಿ. ಇದನ್ನೆಲ್ಲಾ ಅವರು ನನಗೆ ಹೇಳಿದ್ದು ಹೋಗಿ ಎರಡು ತಿಂಗಳಾದ ಮೇಲೆ. ಅದಕ್ಕೂ ಮುಂಚೆ ಯುಗಾದಿ ಕಾರ್ಯಕ್ರಮದಲ್ಲಿ ಸಿಕ್ಕಾಗ "ಎಲ್ಲಾ ಆರಾಮ್" ಅಂದಿದ್ರು.

ಹಾಗಾದ್ರೆ ಬೆಂಗಳೂರಿಗೆ ಲಾಭ ಅಲ್ವಾ?

ಈ ಪ್ರಶ್ನೆ ನಮ್ಮಲ್ಲಿ ಬಂದೇ ಬರುತ್ತೆ. ಹೌದು, ಹ್ಯೂಸ್ಟನ್ ಘೋಷಣೆ ಆದ ಅದೇ ಆಗಸ್ಟ್ ತಿಂಗಳಲ್ಲಿ ಶೆವ್ರಾನ್ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಕ್ಕೆ 100 ಕೋಟಿ ಡಾಲರ್ ಹಾಕುವುದಾಗಿ, 2025ರ ಕೊನೆಯೊಳಗೆ ಸುಮಾರು 600 ಜನರನ್ನ ತಗೊಳ್ಳುವುದಾಗಿ ಹೇಳಿತು. ಎಕ್ಸಾನ್‌ಮೊಬಿಲ್‌ಗೂ ಬೆಂಗಳೂರಿನಲ್ಲಿ ದೊಡ್ಡ ಕಚೇರಿ ಇದೆ. ನಮ್ಮ ಹುಡುಗ ಹುಡುಗಿಯರಿಗೆ ಊರಲ್ಲೇ ಒಳ್ಳೇ ಕೆಲಸ ಸಿಕ್ಕರೆ ಅದಕ್ಕಿಂತ ಸಂತೋಷ ಏನಿದೆ?

ಆದ್ರೆ ಸಿಳ್ಳೆ ಹೊಡೆಯೋ ಮುಂಚೆ ಒಂದು ಮಾತು. ಸ್ಯಾನ್ ರಮೋನ್ ಬರೀ ಬ್ರಾಂಚ್ ಆಫೀಸಾಗಿರಲಿಲ್ಲ, ಎರಡು ದಶಕಕ್ಕೂ ಹೆಚ್ಚು ಕಾಲ ಕೇಂದ್ರ ಕಚೇರಿಯೇ ಆಗಿತ್ತು. ಅದಕ್ಕೇ ಉಳಿಗಾಲ ಇಲ್ಲ ಅಂದ್ಮೇಲೆ, ಖರ್ಚು ಕಡಿಮೆ ಅನ್ನೋ ಒಂದೇ ಕಾರಣಕ್ಕೆ ಬಂದ ಕೆಲಸ ಎಷ್ಟು ದಿನ ಗಟ್ಟಿ? ಇನ್ನೊಂದು ಊರು ಇನ್ನೂ ಅಗ್ಗ ಅಂತ ಗೊತ್ತಾಗೋವರೆಗೆ! ಹಾಗಾಗಿ ಕರ್ನಾಟಕ ಸರ್ಕಾರ ಇಂಥ ಕಂಪನಿಗಳಿಗೆ ಕೆಂಪು ಹಾಸು ಹಾಸುವಾಗ "ಎಷ್ಟು ಸೀಟು?" ಅಂತ ಮಾತ್ರ ಕೇಳಿದ್ರೆ ಸಾಲದು. ಯಾವ ತೀರ್ಮಾನಗಳು ಬೆಂಗಳೂರಿನಲ್ಲಿ ಆಗುತ್ತವೆ? ಬಜೆಟ್ಟಿಗೆ ಸಹಿ ಹಾಕೋರು ಇಲ್ಲಿ ಕೂರ್ತಾರಾ? ಇಲ್ಲಿ ಹುಟ್ಟಿದ ಪೇಟೆಂಟು ಯಾರ ಹೆಸರಲ್ಲಿರುತ್ತೆ? ಹೆಡ್ ಆಫೀಸುಗಳನ್ನ ಕಳ್ಕೊಂಡ ನಾಡು ಈ ಪ್ರಶ್ನೆಗಳನ್ನ ಮರೀಬಾರದು.

ಪತ್ರ ಬಂದ್ರೆ ಏನು ಮಾಡಬೇಕು?

ಮೊದಲು, ಕಾರಿಡಾರಿನಲ್ಲಿ ಉತ್ತರ ಕೊಡಬೇಡಿ. ಬಾಯಿಮಾತಿನಲ್ಲಿ "ಹೂಂ" ಅಂದದ್ದೂ ಲೆಕ್ಕಕ್ಕೆ ಬರುತ್ತೆ, "ಊಹೂಂ" ಅಂದದ್ದೂ ಬರುತ್ತೆ. ಗಡುವು ಯಾವತ್ತು, ಒಪ್ಪದಿದ್ರೆ ಕೊನೇ ದಿನ ಯಾವತ್ತು, ಪರಿಹಾರ ಎಷ್ಟು, ಎಲ್ಲವನ್ನೂ ಬರವಣಿಗೆಯಲ್ಲಿ ಕೇಳಿ.

ಎರಡು, ಹೊಸ ಊರಿನಲ್ಲಿ ಪರ್ಮ್ ಯಾವಾಗ ಶುರು ಮಾಡ್ತೀರಿ ಅಂತ ಒಪ್ಪಿಕೊಳ್ಳೋ ಮುಂಚೆಯೇ ಕೇಳಿ. ಕಂಪನಿಯ ವಕೀಲರು ಕಂಪನಿಯ ವಕೀಲರು. ಒಂದು ಗಂಟೆಯ ಫೀಸು ಕೊಟ್ಟು ನಿಮ್ಮದೇ ವಕೀಲರನ್ನ ಮಾತಾಡಿಸಿ.

ಮೂರು, ಕಾನೂನು ತಿಳ್ಕೊಳ್ಳಿ. ದೊಡ್ಡ ಕಚೇರಿಯ ಕೆಲಸವೆಲ್ಲಾ 100 ಮೈಲಿ ಅಥವಾ ಇನ್ನೂ ದೂರಕ್ಕೆ ಹೋಗೋದಾದ್ರೆ 60 ದಿನ ಮೊದಲೇ ನೋಟಿಸು ಕೊಡಬೇಕು ಅಂತ ಕ್ಯಾಲಿಫೋರ್ನಿಯಾ ಕಾನೂನು ಹೇಳುತ್ತೆ. ಕೆಲಸ ಬಿಟ್ಟವರು ಪ್ರತಿಸ್ಪರ್ಧಿ ಕಂಪನಿ ಸೇರಬಾರದು ಅನ್ನೋ ಕರಾರು ಕ್ಯಾಲಿಫೋರ್ನಿಯಾದಲ್ಲಿ ನಡೆಯಲ್ಲ, ಟೆಕ್ಸಾಸಿನಲ್ಲಿ ಒಂದು ಮಿತಿಯೊಳಗೆ ನಡೆಯುತ್ತೆ. ಹೊಸ ಕಾಗದಕ್ಕೆ ಸಹಿ ಹಾಕೋ ಮುಂಚೆ ಓದಿ.

ನಾಲ್ಕು, ದುಡ್ಡಿನ ಲೆಕ್ಕ ಪೂರ್ತಿ ಹಾಕಿ. ಟೆಕ್ಸಾಸಿನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ನಿಜ. ಆದ್ರೆ ಮನೆ ಮೇಲಿನ ತೆರಿಗೆ ಜೋರು. ಸಾಮಾನು ಸಾಗಿಸೋಕೆ ಕಂಪನಿ ಕೊಡೋ ಹಣದ ಮೇಲೂ 2018ರಿಂದ ಫೆಡರಲ್ ತೆರಿಗೆ ಇದೆ. ಒಂದೆರಡು ವರ್ಷದೊಳಗೆ ಬಿಟ್ರೆ ಆ ಹಣ ವಾಪಸ್ ಕೊಡಬೇಕು ಅನ್ನೋ ಷರತ್ತು ಇದೆಯಾ, ನೋಡ್ಕೊಳ್ಳಿ.

ಕೂಟಗಳಿಗೆ ಒಂದು ಮನವಿ

ಇವೆಲ್ಲಕ್ಕಿಂತ ದೊಡ್ಡದು, ಬಾಯಿ ಬಿಡೋದು. ಕೆಲಸದ ತೊಂದರೆಯನ್ನ ಹೇಳ್ಕೊಳ್ಳೋದು ಮರ್ಯಾದೆಗೆ ಕಡಿಮೆ ಅನ್ನೋ ಭಾವನೆ ನಮ್ಮಲ್ಲಿ ಬಲವಾಗಿದೆ. ರ‍್ಯಾಂಕ್ ಬಂದ ಮಕ್ಕಳಲ್ವಾ ನಾವು! ಆದ್ರೆ ಕಂಪನಿ ಊರು ಬದಲಾಯಿಸಿದ್ದಕ್ಕೆ ನಾವ್ಯಾಕೆ ನಾಚಿಕೊಳ್ಳಬೇಕು?

2000ದಲ್ಲಿ ಅಕ್ಕ ವಿಶ್ವ ಕನ್ನಡ ಸಮ್ಮೇಳನ ನಡೆದದ್ದು ಇದೇ ಹ್ಯೂಸ್ಟನ್ನಿನಲ್ಲಿ. 2014ರ ಸಮ್ಮೇಳನ ನಡೆದದ್ದು ಸ್ಯಾನ್ ರಮೋನ್‌ಗೆ ಹತ್ತಿರದ ಸ್ಯಾನ್ ಹೋಸೆಯಲ್ಲಿ. ಎರಡೂ ಕಡೆ ಕನ್ನಡಿಗರಿಗೆ ಸಾವಿರಾರು ಜನರನ್ನ ಸೇರಿಸಿ, ಉಣಿಸಿ, ಕಳಿಸಿಕೊಟ್ಟ ಅನುಭವ ಇದೆ. ಅದರ ಮುಂದೆ ನಾನು ಕೇಳ್ತಿರೋದು ಬಹಳ ಚಿಕ್ಕದು. ಪ್ರತಿ ಕೂಟದಲ್ಲೂ ಇಬ್ಬರು ಮೂವರು, ವೀಸಾ-ಕೆಲಸದ ವಿಷಯ ಗೊತ್ತಿರೋರು, "ನಮಗೆ ಫೋನ್ ಮಾಡಿ, ಗುಟ್ಟು ಕಾಪಾಡ್ತೀವಿ" ಅಂತ ಮುಂದೆ ಬರಲಿ. ಹೊಸ ಊರಿಗೆ ಒಬ್ಬರೇ ಹೋಗೋರಿಗೆ ಮೊದಲ ತಿಂಗಳು ಒಂದು ಕೋಣೆ, ಒಳ್ಳೇ ವಕೀಲರ ನಂಬರು, ಯಾವ ಶಾಲೆ ಹೇಗಿದೆ ಅನ್ನೋ ಒಂದು ಮಾತು ಸಿಗಲಿ. ಯುಗಾದಿಗೆ, ರಾಜ್ಯೋತ್ಸವಕ್ಕೆ ಸೇರಿ ಬಿಸಿಬೇಳೆಬಾತ್ ತಿನ್ನೋಣ, ಖಂಡಿತಾ. ಆದ್ರೆ ಪಕ್ಕದಲ್ಲಿ ಕೂತು ತಿಂತಿರೋರ ಜೇಬಿನಲ್ಲಿ 30 ದಿನದ ಗಡುವಿನ ಪತ್ರ ಇದ್ರೆ ಅದು ನಮಗೆ ಗೊತ್ತಾಗೋ ಹಾಗಿರಬೇಕು.

ಕಂಪನಿಗಳು ತಮಗೆ ಅನುಕೂಲವಾದ ಊರಿಗೆ ಹೋಗ್ತವೆ, ತಡೆಯೋಕೆ ನಮ್ಮ ಕೈಲಿ ಆಗಲ್ಲ. ಹೋಗೋರನ್ನ, ಉಳಿಯೋರನ್ನ ಇಬ್ಬರನ್ನೂ ಒಂಟಿಯಾಗಿ ಬಿಡದೇ ಇರೋದು ನಮ್ಮ ಕೈಲಿದೆ. ನಿಮ್ಮೂರಿನ ಕೂಟದಲ್ಲಿ ಇದನ್ನ ಶುರು ಮಾಡೋಕೆ ಯಾರು ಮುಂದೆ ಬರ್ತೀರಿ?

ಏನಂತೀರಾ ಗೆಳೆಯರೇ?