ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕಿದರೆ ಡೀಸೆಲ್ ಉಳಿಯುತ್ತದೆಯೇ?

“ಘಾಟಿ ಇಳಿಯುವಾಗ ನ್ಯೂಟ್ರಲ್ ಹಾಕಿ, ಎಂಜಿನ್ ಆಫ್ ಮಾಡಿ, ಡೀಸೆಲ್ ಉಳಿಸಿ.” ಈ ಸಲಹೆ ವಾಟ್ಸಾಪ್‌ನಲ್ಲೂ ಬರುತ್ತದೆ, ಪಕ್ಕದ ಸೀಟಿನಲ್ಲಿ ಕೂತವರ ಬಾಯಿಂದಲೂ ಬರುತ್ತದೆ. ಚಾಮರಾಜನಗರ, ಗುಂಡ್ಲುಪೇಟೆ ಕಡೆಯವರು ಇದನ್ನು ನಂಬಿದರೆ ಕಷ್ಟ. ಚಾಮರಾಜನಗರದಿಂದ ಪುಣಜನೂರು, ಹಾಸನೂರು ದಾಟಿ ಸತ್ಯಮಂಗಲಕ್ಕೆ ಹೋಗುವವರು ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಇಳಿಯಬೇಕು. ಗುಂಡ್ಲುಪೇಟೆಯಿಂದ ಬಂಡೀಪುರ, ಮಸಿನಗುಡಿ ಮೂಲಕ ಊಟಿಗೆ ಹತ್ತುವ ಕಲ್ಲಟ್ಟಿ ದಾರಿಯಲ್ಲಿ 36 ತಿರುವು. ಹತ್ತುವಾಗ ಎಂಜಿನ್‌ಗೆ ಕಷ್ಟ, ಇಳಿಯುವಾಗ ಬ್ರೇಕಿಗೆ.

ಎಂಜಿನ್ ಎಳೆಯದಿದ್ದರೆ ಗಾಡಿ ತಾನೇ ಹತೋಟಿಯಲ್ಲಿರುತ್ತದೆ ಎಂಬ ಭಾವನೆ ಈ ಸಲಹೆಯ ಹಿಂದಿದೆ. ಎತ್ತು ನಿಂತರೆ ಗಾಡಿ ನಿಲ್ಲುವುದನ್ನು ನೋಡಿ ಬೆಳೆದ ನಮಗೆ ಹಾಗನ್ನಿಸುವುದು ಸಹಜ. ಆದರೆ ನ್ಯೂಟನ್‌ನ ಮೊದಲ ನಿಯಮದ ಪ್ರಕಾರ, ಚಲಿಸುತ್ತಿರುವ ವಸ್ತು ನಿಲ್ಲಬೇಕಾದರೆ ಅದನ್ನು ತಡೆಯುವ ಬಲ ಇರಬೇಕು. ಎತ್ತಿನ ಗಾಡಿಯನ್ನು ನಿಲ್ಲಿಸುವುದು ಅಚ್ಚಿನ ಮತ್ತು ಮಣ್ಣಿನ ಘರ್ಷಣೆ. ಘಾಟಿಯಲ್ಲಿ ಎಂಜಿನ್ ಸುಮ್ಮನಾದರೂ ಭೂಮಿಯ ಸೆಳೆತ ಸುಮ್ಮನಾಗುವುದಿಲ್ಲ. 12 ಮೀಟರ್ ಸಾಗಿದರೆ 1 ಮೀಟರ್ ಇಳಿಯುವಂಥ ರಸ್ತೆಯಲ್ಲಿ ನ್ಯೂಟ್ರಲ್‌ನಲ್ಲಿ ಬಿಟ್ಟ ಗಾಡಿಯ ವೇಗ 10 ಸೆಕೆಂಡಿಗೆ ಗಂಟೆಗೆ ಸುಮಾರು 25 ಕಿ.ಮೀ.ನಷ್ಟು ಏರುತ್ತದೆ. ತಿರುವಿನಲ್ಲಿ ವೇಗ ಎರಡರಷ್ಟಾದರೆ ಗಾಡಿಯನ್ನು ರಸ್ತೆಯ ಮೇಲೆ ಹಿಡಿದಿಡಲು ಬೇಕಾದ ಬಲ ನಾಲ್ಕರಷ್ಟಾಗುತ್ತದೆ. ಟೈರಿನ ಹಿಡಿತಕ್ಕೆ ಒಂದು ಮಿತಿ ಇದೆ.

“ಬ್ರೇಕ್ ಇದೆಯಲ್ಲ?” ಎನ್ನಬಹುದು. ಬ್ರೇಕ್ ಮಾಡುವ ಕೆಲಸ ಚಲನೆಯನ್ನು ಶಾಖವಾಗಿ ಬದಲಿಸುವುದು. ನಾವೇ ಲೆಕ್ಕ ಹಾಕಿದೆವು: ಲೋಡ್ ಸೇರಿ 20 ಟನ್ ತೂಗುವ ಕರಿಕಲ್ಲಿನ ಲಾರಿ ವೇಗ ಹೆಚ್ಚಿಸಿಕೊಳ್ಳದೆ 100 ಮೀಟರ್ ಎತ್ತರ ಇಳಿದರೆ, ಸುಮಾರು 60 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು ಶಕ್ತಿ ಎಲ್ಲಾದರೂ ಹೋಗಬೇಕು. ಗಾಡಿ ನ್ಯೂಟ್ರಲ್‌ನಲ್ಲಿದ್ದರೆ ಹೆಚ್ಚುಕಡಿಮೆ ಅಷ್ಟೂ ಬ್ರೇಕಿನ ಮೇಲೆ. ಅತಿಯಾಗಿ ಕಾದ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ, ಪೆಡಲ್ ಎಷ್ಟು ತುಳಿದರೂ ಗಾಡಿ ಬಗ್ಗುವುದಿಲ್ಲ. ಸುಟ್ಟ ವಾಸನೆ ಅದರ ಮುನ್ಸೂಚನೆ. ಎಂಜಿನ್ ಆಫ್ ಮಾಡಿದರಂತೂ ಪವರ್ ಸ್ಟಿಯರಿಂಗ್ ಗಟ್ಟಿಯಾಗುತ್ತದೆ, ಲಾರಿಯ ಏರ್ ಬ್ರೇಕಿಗೆ ಗಾಳಿ ತುಂಬುವುದೂ ನಿಲ್ಲುತ್ತದೆ.

ಇಷ್ಟೆಲ್ಲ ಅಪಾಯ ತಂದುಕೊಂಡರೂ ಡೀಸೆಲ್ ಉಳಿಯುತ್ತದೆಯೇ? ಕಾರ್ಬ್ಯುರೇಟರ್ ಇದ್ದ ಹಳೆಯ ಪೆಟ್ರೋಲ್ ಗಾಡಿಗಳ ಕಾಲದಲ್ಲಿ ಈ ಮಾತಿಗೆ ಸ್ವಲ್ಪ ಅರ್ಥವಿತ್ತು. ಈಗಿನ ಗಾಡಿಗಳಲ್ಲಿ ಗೇರ್‌ನಲ್ಲೇ ಇದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಕಂಪ್ಯೂಟರ್ ಇಂಧನವನ್ನೇ ಕಡಿತ ಮಾಡುತ್ತದೆ, ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಾದರೆ ಎಂಜಿನ್ ಆರದಂತೆ ನೋಡಿಕೊಳ್ಳಲು ಇಂಧನ ಸುಡಲೇಬೇಕು.

ಚಕ್ರ ಎಂಜಿನ್ನನ್ನು ತಿರುಗಿಸುವಾಗ ಆಗುವ ತಡೆಯೇ ಎಂಜಿನ್ ಬ್ರೇಕಿಂಗ್. ಹತ್ತಲು ಯಾವ ಗೇರ್ ಬೇಕೋ ಅದರಲ್ಲೇ ಇಳಿಯಿರಿ ಎಂದು ಹಳೆಯ ಡ್ರೈವರ್‌ಗಳು ಹೇಳುವುದು ಇದಕ್ಕೇ. ಇಳಿಜಾರು ಶುರುವಾಗುವ ಮೊದಲೇ ಆ ಗೇರ್ ಹಾಕಿಕೊಳ್ಳಿ, ವೇಗ ಹೆಚ್ಚಿದ ಮೇಲೆ ಚಿಕ್ಕ ಗೇರ್ ಬೀಳುವುದು ಕಷ್ಟ. ಬ್ರೇಕ್ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ, ತಾನಾಗಿ ಆರಲು ಬಿಡಿ. ನೀರು ಸುರಿದರೆ ಕಾದ ಡ್ರಮ್ ಬಿರುಕು ಬಿಡಬಹುದು.

ಎಲೆಕ್ಟ್ರಿಕ್ ಕಾರಿನವರೂ ‘ಎನ್’ಗೆ ಹಾಕಬೇಡಿ. ‘ಡಿ’ಯಲ್ಲೇ ಇಳಿದರೆ ಬ್ರೇಕಿನಲ್ಲಿ ಶಾಖವಾಗಿ ಹೋಗಬೇಕಿದ್ದ ಶಕ್ತಿಯ ಒಂದು ಪಾಲು ಬ್ಯಾಟರಿಗೆ ವಾಪಸ್ ಬರುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಮಾತ್ರ ಅದಕ್ಕೆ ಜಾಗವಿರುವುದಿಲ್ಲ.