ಜೀಪಿಗೆ ವಯಸ್ಸಾಯಿತು: ಇಟ್ಟುಕೊಳ್ಳುವುದೋ, ಗುಜರಿಗೆ ಹಾಕುವುದೋ?

ಚಿಕ್ಕಮಗಳೂರು: ಜಿಲ್ಲೆಯ ಯಾವ ಗ್ಯಾರೇಜಿನ ಮುಂದೆ ನಿಂತರೂ, ಯಾವ ಟೀ ಅಂಗಡಿಯ ಬೆಂಚಿನ ಮೇಲೆ ಕೂತರೂ ಕೇಳಿಬರುವ ಪ್ರಶ್ನೆ ಒಂದೇ. ಹಳೇ ಜೀಪನ್ನು ಇನ್ನು ಏನು ಮಾಡೋದು?

ಇಪ್ಪತ್ತು ವರ್ಷ ದಾಟಿದ ಜೀಪು, ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರಕಾರ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಿತು. ಇದೇ ಕೆಲಸಕ್ಕೆ 2022ರ ಮಾರ್ಚ್‌ವರೆಗೆ 600 ರೂಪಾಯಿ ಸಾಕಿತ್ತು. ಆ ವರ್ಷದ ಏಪ್ರಿಲ್ 1ರಿಂದ ಅದು 5,000 ಆಯಿತು. ಈಗ ಇಪ್ಪತ್ತು ದಾಟಿದ ಗಾಡಿಗೆ ಅದರ ಇಮ್ಮಡಿ. ‘ಗುಜರಿಗೆ ನೂಕಲಿಕ್ಕೆ ಇದೊಂದು ಹುನ್ನಾರ’ ಅಂತ ಕೆಲವರು ಸಿಟ್ಟಾದರೆ, ‘ಮಾರಿಬಿಡಿ ಮಾರಾಯ್ರೆ, ಇದನ್ನು ಕಟ್ಟಿಕೊಂಡು ಏಗೋದು ಇನ್ನು ಸಾಕು’ ಅಂತ ಇನ್ನು ಕೆಲವರು. ಎರಡು ಮಾತಿನಲ್ಲೂ ಅರ್ಧ ಸತ್ಯ ಇದೆ. ಆದರೆ ಅರ್ಧ ಸತ್ಯ ನಂಬಿಕೊಂಡು ಲಕ್ಷಗಟ್ಟಲೆ ರೂಪಾಯಿಯ ತೀರ್ಮಾನ ಮಾಡುವುದು ಜಾಣತನವಲ್ಲ.

ಹದಿನೈದು ವರ್ಷದ ಗುಲ್ಲು

ಮೊದಲು ಒಂದು ಗುಲ್ಲನ್ನು ಬಿಡಿಸಬೇಕು. ‘ಹದಿನೈದು ವರ್ಷ ಆದ ಗಾಡಿ ರಸ್ತೆಗೆ ಇಳಿಸುವ ಹಾಗಿಲ್ಲ’ ಅನ್ನೋದು ಊರೂರಿನ ಮಾತಾಗಿದೆ. ದೆಹಲಿ ಸುತ್ತಮುತ್ತ ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳ ಮೇಲೆ ಕೋರ್ಟು ಆದೇಶಗಳು ಬಂದದ್ದು ನಿಜ. ಅದು ದೆಹಲಿಯ ಹೊಗೆಯ ಕಥೆ. ಕರ್ನಾಟಕದ ಖಾಸಗಿ ಜೀಪಿಗೆ ಅಂಥ ವಯೋಮಿತಿ ಇಲ್ಲ. 1988ರ ಮೋಟಾರು ವಾಹನ ಕಾಯಿದೆಯ ಪ್ರಕಾರ ಸ್ವಂತ ಬಳಕೆಯ ವಾಹನದ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಬ್ರೇಕ್ ಇನ್‌ಸ್ಪೆಕ್ಟರ ಮುಂದೆ ನಿಲ್ಲಿಸಿ, ಪಾಸಾದರೆ ಐದೈದು ವರ್ಷಕ್ಕೆ ಮುಂದುವರಿಸಬಹುದು. 2021ರಲ್ಲಿ ಬಂದ ಗುಜರಿ ನೀತಿಯೂ ಖಾಸಗಿ ವಾಹನದ ವಯಸ್ಸು ಎಣಿಸಿ ಒಡೆಯಿರಿ ಅನ್ನೋದಿಲ್ಲ. ಪರೀಕ್ಷೆಯಲ್ಲಿ ಪಾಸೋ ನಪಾಸೋ ನೋಡಿ ಅನ್ನುತ್ತದೆ.

ಗುಲ್ಲಿಗೆ ಬೀಜ ಬಿದ್ದದ್ದು ಬಹುಶಃ ಸರಕಾರಿ ಕಚೇರಿಗಳ ಅಂಗಳದಲ್ಲಿ. ಹದಿನೈದು ವರ್ಷ ಮೀರಿದ ಸರಕಾರಿ ವಾಹನಗಳ ನೋಂದಣಿ 2023ರ ಏಪ್ರಿಲ್ 1ರಿಂದ ರದ್ದಾಯಿತು. ಓಡುವ ಸ್ಥಿತಿಯಲ್ಲಿದ್ದ ಇಲಾಖೆ ಜೀಪುಗಳೂ ಅದರಲ್ಲಿ ಸೇರಿದವು. ಅವು ಗಿಡದಡಿ ನಿಂತದ್ದನ್ನು ಕಂಡ ಜನ, ನಾಳೆ ನಮ್ಮದಕ್ಕೂ ಇದೇ ಗತಿ ಅಂದುಕೊಂಡರೆ ತಪ್ಪೇನು? ಆದರೆ ಆ ನಿಯಮ ಸರಕಾರದ ಗಾಡಿಗೆ ಮಾತ್ರ.

ಬಸ್ಸು ನಿಲ್ಲುವಲ್ಲಿ ಜೀಪು ಶುರು

ಒಂದು ಹಳೇ ಗಾಡಿಗೆ ಇಷ್ಟು ಚರ್ಚೆ ಯಾಕೆ ಅಂತ ಪೇಟೆಯವರು ಕೇಳಬಹುದು. ಮಹೀಂದ್ರ ಕಂಪನಿ 1940ರ ದಶಕದ ಕೊನೆಗೆ ಅಮೆರಿಕದ ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸಲು ಆರಂಭಿಸಿದ ಮೇಲೆ ಮಲೆನಾಡಿನ ತೋಟಗಳಿಗೆ ಅದು ಹೊಕ್ಕಿತು. 1980ರ ದಶಕದ ನಡುವೆ ಎಂಎಂ 540 ಬಂತು. ಆಮೇಲೆ ಕಮಾಂಡರು, ಮೇಜರು. ಇವತ್ತು ಜಿಲ್ಲೆಯ ಕಾಡುದಾರಿಗಳಲ್ಲಿ ಕೆಮ್ಮುತ್ತಾ ಹತ್ತುವ ಜೀಪುಗಳಲ್ಲಿ ಹೆಚ್ಚಿನವು ಈ ವಂಶದವೇ.

ಕಾಫಿ ಕೊಯ್ಲಿನ ಕಾಲದಲ್ಲಿ ಆಳುಗಳನ್ನು ತರೋದು ಜೀಪು. ಗೊಬ್ಬರ, ಡೀಸೆಲ್ ಪಂಪು, ಅಕ್ಕಿ ಮೂಟೆ ಹೊರೋದು ಜೀಪು. ರಾತ್ರಿ ಹೊಟ್ಟೆನೋವು ಬಂದವರನ್ನು ತಾಲೂಕು ಆಸ್ಪತ್ರೆಗೆ ತಲುಪಿಸೋದೂ ಜೀಪೇ. 2019ರ ಆಗಸ್ಟ್ ಮಳೆಯಲ್ಲಿ ಚಾರ್ಮಾಡಿ ಘಾಟಿ ಕುಸಿದು ಮೂಡಿಗೆರೆ ಕಡೆಯ ಊರುಗಳು ತತ್ತರಿಸಿದ್ದನ್ನು ಕಂಡವರಿಗೆ ನಾಲ್ಕೂ ಚಕ್ರ ಎಳೆಯುವ ಗಾಡಿಯ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಕೊಪ್ಪದ ಸಹಕಾರ ಸಾರಿಗೆ ಬಸ್ಸುಗಳು 2020ರಲ್ಲಿ ನಿಂತವು. 2023ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಬಸ್ಸು ಉಚಿತ, ಸರಿ. ಆದರೆ ಬಸ್ಸು ಬಿಡೋದು ಟಾರು ರಸ್ತೆಯಲ್ಲಿ. ಅಲ್ಲಿಂದ ಮನೆಗೆ ಇರುವ ಮೂರ್ನಾಲ್ಕು ಮೈಲಿ ಏರು ಯಾವ ಯೋಜನೆಯಲ್ಲೂ ಇಲ್ಲ. ಆ ಏರಿನ ಜೀಪು ನಿಂತರೆ ಸಂತೆ ದಿನ ಪೇಟೆಗೆ ಬರುವ ಗಿರಾಕಿಯೂ ನಿಲ್ಲುತ್ತಾನೆ. ದಿನಸಿ ಅಂಗಡಿಯವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಹತ್ತು ಸಾವಿರದ ಅಳು, ಹತ್ತು ಲಕ್ಷದ ಮೌನ

ಈಗ ಲೆಕ್ಕಕ್ಕೆ ಬರೋಣ. ಎಲ್ಲರೂ ಅಳುತ್ತಿರುವ 10,000 ರೂಪಾಯಿ ಐದು ವರ್ಷಕ್ಕೆ ಒಮ್ಮೆ ಕಟ್ಟುವ ಹಣ. ವರ್ಷಕ್ಕೆ 2,000 ಬಿತ್ತು. ಒಂದು ಹೊಸ ಟೈರೂ ಅಷ್ಟಕ್ಕೆ ಸಿಗೋದಿಲ್ಲ. ಬಡವನಿಗೆ ಒಟ್ಟಿಗೆ ಕಟ್ಟುವುದು ಭಾರವೇ ಹೌದು, ಆರುನೂರಿನಿಂದ ಹತ್ತು ಸಾವಿರಕ್ಕೆ ಹಾರಿದ್ದು ನ್ಯಾಯವೇ ಎಂದು ಕೇಳುವುದೂ ಸರಿಯೇ. ಆದರೆ ಜೀಪು ಇಡಬೇಕೋ ಬಿಡಬೇಕೋ ಎಂಬುದನ್ನು ತೀರ್ಮಾನಿಸುವ ಅಂಕಿ ಅದಲ್ಲ.

ಹೊಸ ಗಾಡಿ ತರಲು 8 ಲಕ್ಷ ಸಾಲ ಮಾಡಿದರು ಅಂತ ಇಟ್ಟುಕೊಳ್ಳಿ. ಶೇಕಡಾ 10ರ ಬಡ್ಡಿಗೆ ಐದು ವರ್ಷದ ಕಂತು ತಿಂಗಳಿಗೆ ಸುಮಾರು 17,000 ರೂಪಾಯಿ. ಮುಗಿಯುವ ಹೊತ್ತಿಗೆ ಕಟ್ಟಿದ್ದು 10 ಲಕ್ಷ 20 ಸಾವಿರ. ಬಡ್ಡಿಯೇ ಎರಡು ಲಕ್ಷದ ಮೇಲೆ. ಹಳೇ ಜೀಪಿಗೆ ಟೈರು, ಕ್ಲಚ್ಚು, ಪಾಟಾ, ವಿಮೆ ಎಲ್ಲಾ ಸೇರಿ ವರ್ಷಕ್ಕೆ 60,000 ಸುರಿದರೂ ತಿಂಗಳಿಗೆ 5,000. ಕಾಫಿಗೆ ರೇಟು ಬಿದ್ದರೂ ಕಂತು ಬೀಳೋದಿಲ್ಲ; ರಿಪೇರಿಯನ್ನಾದರೆ ಒಂದು ತಿಂಗಳು ಮುಂದೆ ಹಾಕಬಹುದು.

ಹಾಗಾದರೆ ಹಳೇ ಗಂಡನ ಪಾದವೇ ಗತಿಯೇ? ಹಾಗೂ ಅಲ್ಲ. ಎರಡು ವರ್ಷ ಸತತವಾಗಿ ರಿಪೇರಿ ಬಿಲ್ಲು ಲಕ್ಷ ದಾಟಿದರೆ, ಅಂದರೆ ಹೊಸ ಗಾಡಿಯ ಅರ್ಧ ಕಂತಿನಷ್ಟು ಹಳೇ ಗಾಡಿಯೇ ತಿನ್ನತೊಡಗಿದರೆ, ಯೋಚಿಸುವ ಕಾಲ ಬಂತು. ಬಿಲ್ಲಿನಲ್ಲಿ ಕಾಣದ ಖರ್ಚು ಇನ್ನೊಂದಿದೆ. ಕೊಯ್ಲಿನ ನಡುವೆ ಜೀಪು ನಾಲ್ಕು ದಿನ ಗ್ಯಾರೇಜಿನಲ್ಲಿ ಮಲಗಿದರೆ ಆಳು ಬರೋದಿಲ್ಲ, ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ. ಆ ನಷ್ಟವನ್ನೂ ಜೀಪಿನ ಖಾತೆಗೇ ಬರೆಯಬೇಕು.

ಹೊಸತರಲ್ಲಿ ಎಷ್ಟು ಜನ ಕೂರುತ್ತಾರೆ?

ಶೋರೂಮಿನ ಗಾಜಿನ ಹಿಂದೆ ನಿಂತ ಥಾರ್ ನೋಡಿ ಬಾಯಿ ಬಿಡುವವರು ಒಂದು ಲೆಕ್ಕ ಮರೆಯುತ್ತಾರೆ. ಮೂರು ಬಾಗಿಲಿನ ಥಾರ್‌ನಲ್ಲಿ ಸೀಟು ನಾಲ್ಕು. 2023ರಲ್ಲಿ ಬಂದ ಮಾರುತಿ ಜಿಮ್ನಿಯಲ್ಲೂ ನಾಲ್ಕೇ. 2024ರ ಥಾರ್ ರಾಕ್ಸ್‌ನಲ್ಲಿ ಐದು. ಕಮಾಂಡರಿನ ಹಿಂದೆ ಎದುರುಬದುರು ಬೆಂಚಿನಲ್ಲಿ ಕೂತು ಬಂದ ಆಳುಗಳನ್ನು ಇವುಗಳಲ್ಲಿ ಎಲ್ಲಿ ಕೂರಿಸೋದು? ಜನವೂ ಬೇಕು, ಏರೂ ಹತ್ತಬೇಕು ಅನ್ನುವವರು ಐದು ಬಾಗಿಲಿನ ಫೋರ್ಸ್ ಗೂರ್ಖಾವನ್ನೋ, ಸಾಮಾನಿಗಾದರೆ ನಾಲ್ಕು ಚಕ್ರ ಎಳೆಯುವ ಬೊಲೆರೊ ಕ್ಯಾಂಪರನ್ನೋ ನೋಡಬೇಕಾಗುತ್ತದೆ. ಮಾಮೂಲಿ ಬೊಲೆರೊದಲ್ಲಿ ಏಳು ಜನ ಹಿಡಿಸುತ್ತಾರೆ, ಆದರೆ ಎಳೆಯೋದು ಹಿಂದಿನ ಚಕ್ರ ಮಾತ್ರ. ಆಷಾಢದ ಕೆಸರಿನಲ್ಲಿ ಅದರ ಅರ್ಥ ಏನೆಂದು ಡ್ರೈವರುಗಳಿಗೆ ಗೊತ್ತು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಳಿದು ಹೊಸ ಗಾಡಿಗಳ ದರ ಒಂದಷ್ಟು ತಗ್ಗಿದ್ದು ನಿಜ. ದರ ತಗ್ಗಿತು ಅಂತ ಸೀಟು ಹೆಚ್ಚಾಗೋದಿಲ್ಲ.

ಇನ್ನೊಂದು ತೊಡಕು ರಿಪೇರಿಯದ್ದು. ಎಂಎಂ 540ರ ಪೂಜೊ ಡೀಸೆಲ್ ಎಂಜಿನ್ನಿನಲ್ಲಿ ಕಂಪ್ಯೂಟರು ಇಲ್ಲ. ಬ್ಯಾಟರಿ ಸತ್ತರೆ ನಾಲ್ಕು ಜನ ನೂಕಿದರೆ ಸ್ಟಾರ್ಟು. ತಾಲೂಕಿನ ಮೇಸ್ತ್ರಿ, ಒಂದು ಲೇತು, ಒಬ್ಬ ವೆಲ್ಡರು ಇದ್ದರೆ ಬದುಕುವ ಯಂತ್ರ ಅದು. 2020ರ ಏಪ್ರಿಲ್‌ನಿಂದ ಬರುತ್ತಿರುವ ಬಿಎಸ್-6 ಡೀಸೆಲ್ ಗಾಡಿಗಳು ಹೊಗೆ ಕಡಿಮೆ, ಬಲ ಜಾಸ್ತಿ. ಆದರೆ ಅವುಗಳ ಸೈಲೆನ್ಸರಿನ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರು ಇರುತ್ತದೆ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದರೆ ಆ ಮಸಿ ತಾನೇ ಸುಟ್ಟುಹೋಗುತ್ತದೆ. ದಿನಾ ಎರಡು ಮೈಲಿ ತೋಟದೊಳಗೇ ಉರುಳಿದರೆ ಕಟ್ಟಿಕೊಂಡು ದೀಪ ಹತ್ತುತ್ತದೆ. ಆಗ ಹಳ್ಳಿ ಮೇಸ್ತ್ರಿ ಕೈಚೆಲ್ಲುತ್ತಾನೆ. ಗಾಡಿ ಕಂಪನಿಯ ಬಾಗಿಲಿಗೇ ಹೋಗಬೇಕು.

ಸುತ್ತಿಗೆಯ ಸದ್ದು ಕೇಳಿ

ಇಷ್ಟು ಕೇಳಿ ಹಳೇ ಜೀಪಿನ ಯಜಮಾನರು ಮೀಸೆ ತಿರುವುವ ಮುನ್ನ ಗಾಡಿಯ ಅಡಿಗೆ ಒಮ್ಮೆ ತೂರಿ ನೋಡಬೇಕು. ಎಂಜಿನ್ ಹೋದರೆ ಬೋರು ಮಾಡಿಸಬಹುದು, ಗೇರ್ ಬಾಕ್ಸ್ ಬಿಚ್ಚಬಹುದು, ಬಾಡಿಯನ್ನು ಟಿಂಕರಿಂಗ್ ಮಾಡಿ ಬಣ್ಣ ಹೊಡೆಸಬಹುದು. ಚಾಸಿ ಹೋದರೆ ಜೀಪು ಹೋಯಿತು. ಮಳೆಗಾಲದ ಕೆಸರು ಚಾಸಿಯ ಪೆಟ್ಟಿಗೆಯೊಳಗೆ ಸೇರಿ, ಹೊರಗೆ ಬಣ್ಣ ಹೊಳೆಯುತ್ತಿದ್ದರೂ ಒಳಗಿನಿಂದ ತುಕ್ಕು ತಿನ್ನುತ್ತದೆ. ಪಾಟಾ ಕೂರುವ ಜಾಗ, ಸ್ಟಿಯರಿಂಗ್ ಬಾಕ್ಸ್ ಬಿಗಿಯುವ ಜಾಗದಲ್ಲಿ ಸಣ್ಣ ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ. ಮಂಕು ಸದ್ದು ಬಂದು ಪದರ ಉದುರಿದರೆ ಊರು ಹೋಗು ಅನ್ನುತ್ತಿದೆ, ಕಾಡು ಬಾ ಅನ್ನುತ್ತಿದೆ ಅಂತಲೇ ಲೆಕ್ಕ. ಅದರ ಮೇಲೆ ತಗಡು ಹೊದಿಸಿ ವೆಲ್ಡಿಂಗ್ ಹೊಡೆಸಿ ಇನ್‌ಸ್ಪೆಕ್ಟರ ಕಣ್ಣು ತಪ್ಪಿಸಬಹುದು. ಘಾಟಿಯ ತಿರುವಿನ ಕಣ್ಣು ತಪ್ಪಿಸಲಾಗದು.

ಬ್ರೇಕಿನ ಮಾತೂ ಹಾಗೆಯೇ. ಹಲವು ಹಳೇ ಜೀಪುಗಳಲ್ಲಿ ನಾಲ್ಕೂ ಕಡೆ ಡ್ರಮ್ ಬ್ರೇಕು. ಹಳ್ಳ ದಾಟಿ ಎದ್ದರೆ ನಾಲ್ಕು ಸಲ ತುಳಿದ ಮೇಲೆ ಹಿಡಿಯುತ್ತದೆ. ಉದ್ದ ಇಳಿಜಾರಿನಲ್ಲಿ ಕಾದು ಸಡಿಲವಾಗುತ್ತದೆ. ಏರ್‌ಬ್ಯಾಗು, ಎಬಿಎಸ್ ಇರಲಿ, ಹಿಂದೆ ಕೂತವರಿಗೆ ಬೆಲ್ಟೇ ಇಲ್ಲ. 2020ರ ಥಾರ್ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆಯಿತು. ಹಳೇ ಜೀಪಿಗೆ ಅಂಥ ಪರೀಕ್ಷೆ ಇದ್ದಿದ್ದರೆ ಫಲಿತಾಂಶ ಊಹಿಸೋದು ಕಷ್ಟವಲ್ಲ.

ಅದಕ್ಕೇ ತೀರ್ಮಾನದ ಮುಖ್ಯ ಪ್ರಶ್ನೆ ಜೀಪಿಗೆ ಎಷ್ಟು ವಯಸ್ಸು ಎಂಬುದಲ್ಲ, ಅದರಲ್ಲಿ ಯಾರು ಕೂರುತ್ತಾರೆ ಎಂಬುದು. ತೋಟದೊಳಗೆ ಗೊಬ್ಬರ, ಸೌದೆ ಹೊರುವ, ಯಜಮಾನರೇ ಓಡಿಸುವ, ಚಾಸಿ ಗಟ್ಟಿಯಿರುವ ಜೀಪನ್ನು ಧಾರಾಳವಾಗಿ ಇಟ್ಟುಕೊಳ್ಳಬಹುದು. ಅದನ್ನು ಮಾರಿ ಕಂತಿನ ಕುಣಿಕೆಗೆ ಕತ್ತು ಕೊಡುವ ಅಗತ್ಯವಿಲ್ಲ. ಆದರೆ ಕೂಲಿ ಹೆಂಗಸರನ್ನು, ಶಾಲೆ ಮಕ್ಕಳನ್ನು, ಗಿರಿ ನೋಡಲು ಬಂದ ಪ್ರವಾಸಿಗಳನ್ನು ದಿನಾ ತುಂಬಿಕೊಂಡು ಘಾಟಿ ಇಳಿಯುವ ಜೀಪಿಗೆ ಆ ರಿಯಾಯಿತಿ ಇಲ್ಲ. ಯಜಮಾನ ತನ್ನ ಜೀವದ ಮೇಲೆ ಜೂಜಾಡಬಹುದು. ಇಪ್ಪತ್ತು ರೂಪಾಯಿ ಕೊಟ್ಟು ಹತ್ತಿದವರ ಜೀವದ ಮೇಲೆ ಆಡುವ ಹಕ್ಕು ಅವನಿಗೆ ಯಾರು ಕೊಟ್ಟರು?

ಬಿಳಿ ಬೋರ್ಡಿನಲ್ಲಿ ಬಾಡಿಗೆ ಓಡಿಸುವವರ ಪಾಡು ಇನ್ನೂ ನಾಜೂಕು. ಖಾಸಗಿ ವಿಮೆ ಬಾಡಿಗೆ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ. ಅಪಘಾತವಾದರೆ ಪರಿಹಾರದ ಹೊರೆ ಯಜಮಾನನ ಮನೆ, ತೋಟದ ಮೇಲೆ ಬೀಳುತ್ತದೆ. ಆರ್‌ಸಿ ಪುಸ್ತಕದಲ್ಲಿ ಬರೆಸದೆ ಬೇರೆ ಎಂಜಿನ್ ಕೂರಿಸಿಕೊಂಡವರಿಗೂ ಇದೇ ಎಚ್ಚರಿಕೆ. ಬಸ್ಸಿಳಿದು ಜೀಪು ಹತ್ತುವವರು ಬೋರ್ಡಿನ ಬಣ್ಣ ಒಮ್ಮೆ ನೋಡಿದರೆ ನಷ್ಟವಿಲ್ಲ.

ಬಿಡುವುದಾದರೆ ಸರಿಯಾಗಿ ಬಿಡಿ

ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಅನ್ನುತ್ತಾರೆ. ಜೀಪೂ ಹಾಗೆಯೇ, ಕಾಗದ ಸರಿಯಿದ್ದರೆ. ಬೀದಿ ಗುಜರಿಯವನಿಗೆ ತೂಕಕ್ಕೆ ಕೊಟ್ಟು ಕೈ ತೊಳೆದುಕೊಂಡರೆ ಆರ್‌ಸಿ ಹಳೇ ಯಜಮಾನರ ಹೆಸರಿನಲ್ಲೇ ಉಳಿಯುತ್ತದೆ. ನಾಳೆ ಅದೇ ನಂಬರಿನಲ್ಲಿ ಮರ ಸಾಗಿಸಿ ಸಿಕ್ಕಿಬಿದ್ದರೆ ಪೊಲೀಸರು ಬರುವುದು ಅವರ ಮನೆಗೇ. ಸರಕಾರದಲ್ಲಿ ನೋಂದಾಯಿಸಿದ ಗುಜರಿ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ, ನೋಂದಣಿಯೂ ರದ್ದಾಗುತ್ತದೆ. ಆ ಪತ್ರ ತೋರಿಸಿದರೆ ಹೊಸ ಗಾಡಿಯ ರಸ್ತೆ ತೆರಿಗೆಯಲ್ಲಿ ಸ್ವಂತದ್ದಕ್ಕೆ ಶೇಕಡಾ 25ರವರೆಗೆ, ಬಾಡಿಗೆ ಗಾಡಿಗೆ 15ರವರೆಗೆ ರಿಯಾಯಿತಿಗೆ ಕೇಂದ್ರದ ನಿಯಮದಲ್ಲಿ ಅವಕಾಶ ಇದೆ. ಇಟ್ಟುಕೊಳ್ಳುವವರು ತಾರೀಖು ಮರೆಯಬಾರದು. ಅವಧಿ ಮೀರಿದರೆ ಖಾಸಗಿ ಜೀಪಿಗೆ ತಿಂಗಳಿಗೆ 500, ಬಾಡಿಗೆ ಗಾಡಿಯ ಎಫ್‌ಸಿಗೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ.

ಆಡಳಿತಕ್ಕೂ ಇಲ್ಲೊಂದು ಪಾಠ ಇದೆ. ಶುಲ್ಕ ಏರಿಸಿದ ಮಾತ್ರಕ್ಕೆ ಕೆಟ್ಟ ಜೀಪು ರಸ್ತೆಯಿಂದ ಇಳಿಯೋದಿಲ್ಲ. ಕಾಗದ ಇಲ್ಲದೆ ಒಳದಾರಿ ಹಿಡಿಯುತ್ತದೆ. ತಾಲೂಕು ಕೇಂದ್ರಗಳಲ್ಲಿ ತಿಂಗಳಿಗೊಮ್ಮೆ ತಪಾಸಣೆ ಶಿಬಿರ ನಡೆಸಿ, ಚಾಸಿ ಮತ್ತು ಬ್ರೇಕನ್ನು ಕಟ್ಟುನಿಟ್ಟಾಗಿ ನೋಡಿದರೆ ಗಟ್ಟಿ ಜೀಪು ಉಳಿಯುತ್ತದೆ, ಕೊಳೆತದ್ದು ಹೋಗುತ್ತದೆ. ಬಾಡಿಗೆ ಜೀಪಿನ ದುಡಿಮೆಯಲ್ಲೇ ಒಲೆ ಹಚ್ಚುವ ಡ್ರೈವರುಗಳಿಗೆ ಹೊಸ ಗಾಡಿಗೆ ಕಡಿಮೆ ಬಡ್ಡಿಯ ಸಾಲ ಸಿಗದ ಹೊರತು ‘ಬದಲಾಯಿಸಿ’ ಅನ್ನುವ ಬುದ್ಧಿವಾದ ಗಾಳಿಗೆ ಹೋದ ಮಾತು.

ಮಳೆಗಾಲಕ್ಕೆ ಮುಂಚೆ ಜೀಪುದಾರರು ಮಾಡಬೇಕಾದ ಖರ್ಚು ಅರ್ಧ ದಿನದ್ದು. ಒಂದು ಸುತ್ತಿಗೆ, ಒಬ್ಬ ನಂಬಿಕಸ್ತ ಮೇಸ್ತ್ರಿ, ಆರ್‌ಸಿ ಪುಸ್ತಕದ ತಾರೀಖು. ಈ ಮೂರನ್ನೂ ನೋಡಿದ ಮೇಲೆ ಇಡುವುದೋ ಬಿಡುವುದೋ ಎಂಬುದನ್ನು ಟೀ ಅಂಗಡಿಯಲ್ಲಿ ಕೇಳುವ ಅಗತ್ಯ ಬೀಳದು.